ಅರ್ಜಂಟಿಗೆ ಅಡ್ಡ ಕೂತ ಹೊಳೆವ್ವ

ಹತ್ತಿಮತ್ತೂರಿನ ಮೇಲೋಣಿಯಲ್ಲಿ ಇನ್ನೂ ಮಬ್ಬುಗತ್ತಲೆ. ಕಾರ್ತಿಕದ ಚಳಿಗೆ ನಾಯಿಗಳು ಕೂಡ ಬೂದಿಗುಡ್ಡೆ ಬಿಟ್ಟು ಏಳುತ್ತಿಲ್ಲ. ಶಿವಬಸವ್ವನ ಮನೆಯ ಮುಂದಿನ ಬಯಲಲ್ಲಿ ಹೊಳೆವ್ವ ಮಾತ್ರ ಆಗಲೇ ಸೆರಗು ಬಿಗಿದು, ಮೊಣಕಾಲೂರಿ, ಸಲಿಕೆಯಿಂದ ನೆಲ ಕೆರೆಯುತ್ತಿದ್ದಾಳೆ. ಮೇಲಿನ ಮಣ್ಣು ಸರಿದರೆ ಬೂದಿ, ಬೂದಿ ಸರಿದರೆ ಹಾಸುಗಲ್ಲು. ಆ ಕಲ್ಲಿನ ಕೆಳಗೆ ಎರಡಾಳು ಆಳದ ಹಗೇವು ಇದೆ. ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿ, ಸುತ್ತ ಜೋಳದ ದಂಟು ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಕಣಜ ಅದು. ಈ ಸೀಮೆಯ ಜೋಳವೆಲ್ಲ ಹೀಗೆ ನೆಲದ ಹೊಟ್ಟೆಯಲ್ಲಿ ನಿದ್ದೆ ಮಾಡುತ್ತದೆ.

ಅವಳ ಜೊತೆಯಾಳು ಅಲ್ಲಾಭಕ್ಷ ಹಾರೆ ಕೊಟ್ಟು ಕಲ್ಲು ಎಬ್ಬಿಸುತ್ತಾನೆ. ಕಲ್ಲು ಸರಿಯುತ್ತಲೇ ಹುಳಿ ವಾಸನೆಯ ಬಿಸಿ ಉಸಿರೊಂದು ಮೇಲೆ ಬರುತ್ತದೆ. ಇಬ್ಬರೂ ತಟ್ಟನೆ ಮುಖ ತಿರುಗಿಸಿ, ಅಷ್ಟು ದೂರ ಹೋಗಿ, ಗಾಳಿ ಬರುವ ದಿಕ್ಕಿಗೆ ಕುಳಿತುಬಿಡುತ್ತಾರೆ. ಕೆಲಸ ಮಾಡಲು ಬಂದವರು ಹೀಗೆ ಸುಮ್ಮನೆ ಕುಳಿತುಕೊಳ್ಳುವುದನ್ನು ನೋಡಿದವರಿಗೆ ಸೋಮಾರಿತನ ಅನ್ನಿಸಬಹುದು. ಹೊಳೆವ್ವ ಅದಕ್ಕೆ ಹೇಳುವುದು ಹೀಗೆ: "ಹಗೇವಿನ ಕೆಲಸದಾಗ ಮೊದ್ಲ ಕಲಿಯೂದು ಇಳಿಯೂದಲ್ರಿ. ಸರದು ಕುಂಡ್ರೂದು."

ಕಟ್ಟೆಯ ಮೇಲೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಇನ್ನೊಬ್ಬರು ಕುಳಿತಿದ್ದಾರೆ. ಸರಕಾರ ರೈತರಿಂದ ಕಡ್ಡಾಯವಾಗಿ ಎತ್ತುವ ಲೆವಿ ಕಾಳಿನ ವಸೂಲಿಗೆ ಬಂದ ಹೊಸ ಕಾರಕೂನರು. ಬಯಲಿನ ಅಂಚಿಗೆ ಗಾಡಿಗಳು ನಿಂತಿವೆ, ಎತ್ತುಗಳು ಮೇವು ಮೆಲ್ಲುತ್ತಿವೆ. ಕಾರಕೂನರು ಕೈಗಡಿಯಾರ ನೋಡುತ್ತಾರೆ, ಹಗೇವು ನೋಡುತ್ತಾರೆ, ಮತ್ತೆ ಕೈಗಡಿಯಾರ ನೋಡುತ್ತಾರೆ.

"ಇನ್ನೂ ಎಷ್ಟೊತ್ತು ಮಾಡ್ತಿ? ಅರ್ಜಂಟ್ ಐತಿ ಅಂತ ನಿನ್ನೇನ ಹೇಳಿ ಕಳಿಸಿದ್ದಿಲ್ಲೇನು?"

"ನನ್ನ ಕೇಳಬ್ಯಾಡ್ರಿ ಸಾಹೇಬ್ರ," ಎನ್ನುತ್ತಾಳೆ ಹೊಳೆವ್ವ, ಬುಟ್ಟಿಯಿಂದ ಮಣ್ಣಿನ ಪಣತಿ ತೆಗೆಯುತ್ತ. "ದೀಪಾ ಕೇಳ್ರಿ."

ಜೋಳದ ರೊಟ್ಟಿ ಬಡಿಯುವ ಸಪ್ಪಳ ತಡಸದಿಂದ ಸವಣೂರಿನವರೆಗೆ ಎಲ್ಲ ಓಣಿಗಳಲ್ಲಿ ಕೇಳುತ್ತದೆ. ಬಿತ್ತಿದವನ ಹೆಸರು ಊರಿಗೆ ಗೊತ್ತು, ಕೊಂಡು ಮಾರಿದ ಸಾವಕಾರನ ಹೆಸರು ಪೇಟೆಗೆ ಗೊತ್ತು. ನಡುವೆ ಒಬ್ಬರು ಆ ಕತ್ತಲ ಬಾವಿಗೆ ಇಳಿದು, ಕಾಳಿನ ಕಾವಿನಲ್ಲಿ ಬೆಂದು, ಬುಟ್ಟಿ ತುಂಬಿ ಮೇಲೆ ಕಳಿಸಿದ್ದಾರೆ ಎಂಬುದು ಉಣ್ಣುವವರಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದರ್ದೂ ಅವರಿಗಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಒಂದು ಹಗೇವು ತೆಗೆದರೆ ಹೊಳೆವ್ವನಿಗೂ ಅಲ್ಲಾಭಕ್ಷನಿಗೂ ಒಂದೊಂದು ಮೊರ ಜೋಳ, ವರ್ಷಕ್ಕೊಮ್ಮೆ ಅವಳಿಗೆ ಕುಬಸ ಹೊಲಿಸಲು ಒಂದು ಕಣ, ಅವನಿಗೆ ತಲೆಗೆ ಸುತ್ತಲು ಒಂದು ಪಟಕಾ. ಸುಗ್ಗಿ ಮುಗಿದ ಮೇಲೆ ಹಗೇವು ತುಂಬುವ ಕೆಲಸ, ಮಳೆಗಾಲ ಕಳೆದ ಮೇಲೆ ತೆಗೆಯುವ ಕೆಲಸ. ಉಳಿದ ದಿನ ಇಬ್ಬರೂ ಕಂಡವರ ಹೊಲದಲ್ಲಿ ಕೂಲಿ.

ಕೆಲಸ ಮೊದಲು ಹೊಳೆವ್ವನದಾಗಿರಲಿಲ್ಲ. ಅವಳ ಗಂಡ ಉಳವಪ್ಪನದು. ಉಳವಪ್ಪ ಇಳಿಯುವವನು, ಅಲ್ಲಾಭಕ್ಷ ಮೇಲೆ ಹಗ್ಗ ಹಿಡಿಯುವವನು. ಹರೆಯದಿಂದ ಹಿಡಿದ ಜೋಡಿ. ಒಬ್ಬ ಬೆಳಿಗ್ಗೆ ಎದ್ದು ವಿಭೂತಿ ಹಚ್ಚುತ್ತಿದ್ದ, ಇನ್ನೊಬ್ಬ ನಮಾಜು ಮುಗಿಸಿ ಬರುತ್ತಿದ್ದ, ಹಗೇವಿನ ಬಾಯಲ್ಲಿ ಇಬ್ಬರೂ ಒಂದೇ ಹಗ್ಗದ ಎರಡು ತುದಿ.

ಉಳವಪ್ಪನನ್ನು ಊರು ಕರೆಯುತ್ತಿದ್ದದ್ದೇ ಸಾವಕಾಶಪ್ಪ ಎಂದು. ಮಾತು ಸಾವಕಾಶ, ನಡಿಗೆ ಸಾವಕಾಶ, ಊಟವಂತೂ ಕೇಳಲೇಬೇಡಿ. ಶಿವಬಸವ್ವ ಎಪ್ಪತ್ತು ದಾಟಿದ ಮುದುಕಿ, ಈ ಹಗೇವಿನ ಒಡತಿ. ಹೊಳೆವ್ವನ ಮುಂದೆಯೇ ಅವಳ ಲಗ್ನದ ಕತೆ ತೆಗೆಯುತ್ತಾಳೆ.

"ತನ್ನ ಲಗ್ನದ ಅಕ್ಕಿಕಾಳಿಗೂ ಹೊತ್ತು ಮಾಡಿ ಬಂದಾನ ಅಂವ. ಅವತ್ತ ಮುಂಜಾನೆ ಯಾರದೋ ಹಗೇವು ತಗದಿದ್ರು, ದೀಪಾ ನಿಂದರವಲ್ದು ಅಂತ ಅಲ್ಲೇ ಕುಂತಾನ. ಇಕಿ ಬಾಸಿಂಗಾ ಕಟಗೊಂಡು ದಾರಿ ಕಾದಾಳ. ಅಯ್ಯನವರು ಸಿಟ್ಟಿಗೆದ್ರು, ಬೀಗರು ಸಿಟ್ಟಿಗೆದ್ರು. ಇಂವ ಬಂದು ಏನಂದ ಗೊತ್ತೇನು? ‘ಅಕ್ಕಿಕಾಳು ತಡಾದ್ರ ಯಾರೂ ಸಾಯಂಗಿಲ್ಲ’ ಅಂದ."

ಹೊಳೆವ್ವ ನಗುತ್ತಾಳೆ. "ಮಗ್ಗಲದಾಗ ಕುಂತಾಗ ಮೈಗೆಲ್ಲಾ ಕಾಳಿನ ಧೂಳಾ, ನನಗ ಸೀನು ಬರಾಕತ್ತಿದ್ವು," ಎನ್ನುತ್ತಾಳೆ. ನಗು ಬೇಗ ನಿಲ್ಲುತ್ತದೆ.

ದೀಪದ ಸಂಗತಿ ಇಷ್ಟೇ. ಮುಚ್ಚಿದ ಹಗೇವಿನಲ್ಲಿ ತಿಂಗಳುಗಟ್ಟಲೆ ಕಾಳಿನ ಕಾವು ಕುಳಿತು ಒಳಗಿನ ಗಾಳಿ ಕೆಟ್ಟಿರುತ್ತದೆ. ಮಳೆಗಾಲ ದಾಟಿದ ಹಗೇವು ಇನ್ನೂ ಕೆಟ್ಟದ್ದು. ಅದಕ್ಕೇ ಪಣತಿ ಹಚ್ಚಿ, ಸಣ್ಣ ಬುಟ್ಟಿಯಲ್ಲಿಟ್ಟು, ಹಗ್ಗದಿಂದ ಇಳಿಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಉಸಿರಾಡಬಹುದು. ಆರಿತೋ, ಕೂಡಬೇಕು. ಬೇವಿನ ಟೊಂಗೆ ಕಟ್ಟಿ ಒಳಗೆ ಇಳಿಸಿ ಎತ್ತಿ ಗಾಳಿ ಆಡಿಸಬೇಕು, ಬಾಯಿಯ ಮೇಲೆ ಕಂಬಳಿ ಬೀಸಬೇಕು, ಮತ್ತೆ ದೀಪ ಬಿಡಬೇಕು. ಒಮ್ಮೆ ಮಧ್ಯಾಹ್ನಕ್ಕೆ ನಿಲ್ಲುತ್ತದೆ, ಒಮ್ಮೆ ಮರುದಿನಕ್ಕೆ. ಹಗೇವಿಗೆ ಹಟ ಮಾಡಿ ಗೆದ್ದವರಿಲ್ಲ ಎಂಬುದು ಈ ಊರಿನ ಹಾಲುಗಲ್ಲದ ಕೂಸಿಗೂ ಗೊತ್ತು.

ಗೊತ್ತಿಲ್ಲದ್ದು ಅರ್ಜಂಟಿಗೆ.

ಅರ್ಜಂಟು ಈ ಸೀಮೆಗೆ ಬಂದದ್ದು ಜಗತ್ತಿನ ಎರಡನೆಯ ಲಡಾಯಿಯ ಜೊತೆಗೆ. ಅದಕ್ಕೂ ಮೊದಲು ಅದು ಎಂದೋ ಒಮ್ಮೆ ತಾರಿನಲ್ಲಿ ಬರುತ್ತಿತ್ತು, ಬಂದರೆ ಊರೇ ಅಳುತ್ತಿತ್ತು. ಶಾಲೆಯ ಮಾಸ್ತರರ ಹತ್ತಿರ ಒಂದು ಹಳೆಯ ಇಂಗ್ಲಿಷ್ ಕೋಶ ಇದೆ. ತೆರೆದು ಕೇಳಿದರೆ ತುರ್ತಿನದು, ಜರೂರಿನದು, ತಡೆಯಲು ಬಾರದ್ದು ಎಂದು ಓದಿ ಹೇಳುತ್ತಾರೆ. ಕೋಶ ಹೇಳುವುದು ಸುಳ್ಳಲ್ಲ. ಆದರೆ ಈ ಮಾತು ಯಾರ ಬಾಯಿಂದ ಯಾರ ಬೆನ್ನಿನ ಮೇಲೆ ಬೀಳುತ್ತದೆ ಎಂಬುದನ್ನು ಯಾವ ಕೋಶವೂ ಬರೆಯುವುದಿಲ್ಲ.

ಹಾಗಾದರೆ ನಮ್ಮಲ್ಲಿ ಅವಸರಕ್ಕೆ ಮಾತಿರಲಿಲ್ಲವೇ? ಬೇಕಾದಷ್ಟಿದ್ದವು. ಶಾಲೆಗೆ ಹೊರಟ ಮಗನಿಗೆ ತಾಯಿ ಲಗೂ ನಡಿ ಎನ್ನುತ್ತಾಳೆ. ಸೂಲಗಿತ್ತಿಯನ್ನು ಕರೆಯಲು ಹೋಗುವವನಿಗೆ ದೌಡ ಹೋಗು ಎನ್ನುತ್ತಾರೆ. ಸವಣೂರಿನ ಟಾಂಗಾದವನು ಕುದುರೆಗೆ ಜಲ್ದಿ ಎನ್ನುತ್ತಾನೆ. ಕಚೇರಿಯ ಪಟ್ಟೇವಾಲ ತಾಬಡತೋಬ ಬಾ ಎನ್ನುತ್ತಾನೆ. ಮದುವೆಮನೆಯಲ್ಲಿ ಗಡಿಬಿಡಿ, ಬಿತ್ತಿಗೆಯಲ್ಲಿ ಧಾವತಿ, ಪುಸ್ತಕದಲ್ಲಿ ತುರ್ತು. ಒಂದೊಂದು ಮಾತಿಗೂ ಒಂದೊಂದು ಕಾರಣ ಇತ್ತು, ಆ ಕಾರಣ ಕೇಳಿದವನಿಗೂ ಕಾಣುತ್ತಿತ್ತು. ಹೆರಿಗೆ ನೋವು ತಿನ್ನುವವಳು ಕಣ್ಣೆದುರಿದ್ದರೆ ಓಡಲು ಯಾರೂ ಬೇಸರ ಮಾಡುವುದಿಲ್ಲ. ಅರ್ಜಂಟಿಗೆ ಮಾತ್ರ ಕಾರಣ ಕೇಳುವಂತಿಲ್ಲ. ಕೇಳಿದರೆ ಅದೇ ಒಂದು ಗುನ್ಹೆ.

ಬಳಕೆಯ ಚಂದವನ್ನೂ ನೋಡಿ. ಕಚೇರಿಯಿಂದ ಹಳ್ಳಿಗೆ ಹೊರಟ ಅರ್ಜಂಟು ಕುದುರೆ ಏರಿ ಬರುತ್ತದೆ. ಹಳ್ಳಿಯಿಂದ ಕಚೇರಿಗೆ ಹೊರಟ ಅರ್ಜಂಟು ಬಾಗಿಲಲ್ಲೇ ಕುಂಟುತ್ತದೆ. ಹಾನಗಲ್ಲ ಕಡೆಯ ರೈತ ಬಿತ್ತುವ ಹದ ತಪ್ಪುತ್ತದೆ, ಬೀಜ ಕೊಡಿ ಎಂದರೆ ಅದು ಅರ್ಜಂಟಲ್ಲ. ಸವಣೂರಿನ ಎಲೆಯವರ ವೀಳ್ಯದ ಪೆಂಡಿಗಳು ನಾಕಾದಲ್ಲಿ ಬಿಸಿಲಿಗೆ ಬಾಡಿ ಕಪ್ಪಾದರೆ ಅದೂ ಅರ್ಜಂಟಲ್ಲ. ತಪಾಸಣೆಯವರು ಊಟಕ್ಕೆ ಹೋಗಿರುತ್ತಾರೆ. ಹಿರೇಕೆರೂರ ಕಡೆಯ ತಾಯಿಯೊಬ್ಬಳು ಕಾದ ಹಂಚಿನಂತೆ ಮೈ ಸುಡುವ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಬಂದರೆ ಪಾಳಿಗೆ ನಿಲ್ಲು ಎನ್ನುತ್ತಾರೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಇದನ್ನು ನೋಡಿ ಹೊಟ್ಟೆ ಉರಿಯದಿದ್ದರೆ ಅದು ಹೊಟ್ಟೆಯೇ ಅಲ್ಲ.

ಅಲ್ಲಾಭಕ್ಷ ಓದಿದವನಲ್ಲ. ಅವನು ಕೊಡುವ ಅರ್ಥ ಕೋಶಕ್ಕಿಂತ ಚಿಕ್ಕದು. "ಅರ್ಜಂಟಂದ್ರ ಕೆಲಸ ಅವರ್ದು, ಓಡೂದು ನಮ್ದು."

ಎರಡು ವರ್ಷದ ಹಿಂದೆ ಇದೇ ಕಾರ್ತಿಕದಲ್ಲಿ ಆ ಮಾತು ಉಳವಪ್ಪನ ಮುಂದೆ ಬಂದು ನಿಂತಿತು. ಆ ವರ್ಷ ಮಳೆ ಜೋರು. ಊರ ಅಗಸಿಯ ಹತ್ತಿರ ಕರಿಬಸಪ್ಪನೆಂಬ ಮುದಿ ರೈತನ ದೊಡ್ಡ ಹಗೇವು ತೆಗೆಯಬೇಕಾಗಿತ್ತು. ವಸೂಲಿಗೆ ಬಂದ ಸಾಹೇಬರು ಈಗಿನ ಕಾರಕೂನರಲ್ಲ, ಅವರಿಗಿಂತ ದೊಡ್ಡವರು. ಮಧ್ಯಾಹ್ನದೊಳಗೆ ಗಾಡಿ ಹೊರಡಬೇಕು ಎಂದು ಬಂದ ಕೂಡಲೇ ಹೇಳಿದರು. ಕಲ್ಲು ತೆಗೆದರು. ಉಳವಪ್ಪ ದೀಪ ಇಳಿಸಿದ. ಹಗೇವಿನ ಕೊರಳು ದಾಟುವುದರೊಳಗೆ ದೀಪ ಆರಿತು. ಎಂದಿನಂತೆ ಸರಿದು ಕುಳಿತು ಎಲೆ ಅಡಿಕೆ ತೆಗೆದ.

ಮುಂದಿನದನ್ನು ಹೇಳುವಾಗ ಅಲ್ಲಾಭಕ್ಷ ನೆಲ ನೋಡುತ್ತಾನೆ.

"ಸಾಹೇಬ್ರು ಬಂದು, ಯಾಕ ಕುಂತಿ, ಅರ್ಜಂಟ್ ಐತಿ ಅಂದ್ರು. ದೀಪಾ ಆರೇತ್ರಿ ಸಾಹೇಬ್ರ ಅಂದ ಉಳವಪ್ಪ. ಅವರು ನಕ್ರು. ಹಾಡಹಗಲ ದೀಪಾ ಯಾಕ ಬೇಕೋ ನಿನಗ, ಮ್ಯಾಲ ಸೂರ್ಯಾ ಕಾಣವಲ್ನೇನು ಅಂದ್ರು. ಅವರು ತಿಳಕೊಂಡಿದ್ದು ದೀಪಾ ಬೆಳಕಿಗೆ ಅಂತ್ರಿ. ನಾವು ಕೈ ಮುಗದು ಗಾಳಿ ಕೆಟ್ಟೈತ್ರಿ, ಸಬೂರ ಮಾಡ್ರಿ ಅಂದ್ವಿ. ಕಿವ್ಯಾಗ ಹಾಕೋಳಿಲ್ಲ."

ಸಾಹೇಬರಿಗೆ ಆಗ ಇನ್ನೊಂದು ಸಂಶಯ ಹುಟ್ಟಿತು. ಇವರು ಬೇಕೆಂದೇ ಹೊತ್ತು ಕಳೆಯುತ್ತಿದ್ದಾರೆ, ಕಾಳು ಮುಚ್ಚಿಡುವ ನಾಟಕ ಇದು. ಹಗೇವಿನ ಒಡೆಯನನ್ನೇ ಹಿಡಿಸಿ ಕರೆದೊಯ್ಯುತ್ತೇನೆ ಎಂದರು. ಮುದುಕನ ಕೈಗೆ ಹಗ್ಗ ಕಟ್ಟಲು ಜವಾನ ಮುಂದೆ ಬಂದ. ಅದನ್ನು ನೋಡಿದ ಉಳವಪ್ಪ ಬಾಯೊಳಗಿನ ಎಲೆ ಉಗುಳಿ ಎದ್ದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಅಲ್ಲಾಭಕ್ಷ ತೋಳು ಹಿಡಿದು ಬ್ಯಾಡ ಎಂದರೆ, "ಮುದುಕನ್ನ ಒಯ್ತಾರೋ ಮಾರಾಯಾ, ನೀ ಹಗ್ಗಾ ಗಟ್ಟಿ ಹಿಡಿ," ಎಂದ.

ಹಗ್ಗ ಒಮ್ಮೆ ಜಗ್ಗಿತು. ಆಮೇಲೆ ಭಾರವಾಯಿತು. ಅಲ್ಲಾಭಕ್ಷ ಎಳೆದ, ಕೂಗಿದ, ಮಂದಿ ಕೈ ಹಚ್ಚಿದರು. ಹಗೇವಿನ ಕೊರಳು ಇಕ್ಕಟ್ಟು, ಎಚ್ಚರವಿಲ್ಲದ ಮೈ ಅಡ್ಡ ಸಿಕ್ಕಿಕೊಂಡಿತು. ಮೇಲೆ ಬಂದಾಗ ಉಳವಪ್ಪನ ತುಟಿ ನೇರಳೆ ಹಣ್ಣು ತಿಂದವನ ತುಟಿಯಂತೆ ಇತ್ತು. ಕಾಳು ಅಳೆಯುವಾಗ ನಮ್ಮವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅವತ್ತು ಲಾಭ ಎನ್ನುವಷ್ಟು ಕಾಳೂ ಮೇಲೆ ಬಂದಿರಲಿಲ್ಲ.

ಹೊಳೆವ್ವ ರೊಟ್ಟಿ ಗಂಟು ಹೊತ್ತು ಅಗಸಿ ದಾಟುತ್ತಿದ್ದಳು. "ಮಂದಿ ಕೂಡಿದ್ದು ಕಂಡು, ಕಾಳು ಬರಾಕತ್ತಾವ ಅಂತ ತಿಳದೆ," ಎನ್ನುತ್ತಾಳೆ. "ಸನೇಕ ಹೋಗೂದ್ರಾಗ ಮಂದಿ ದಾರಿ ಬಿಟ್ರು. ಯಾರೂ ಮಾರಿ ನೋಡಲಿಲ್ಲ. ಹಂಗ ದಾರಿ ಬಿಟ್ರಂದ್ರ ತಿಳೀತೈತಲ್ರಿ."

ಸಂಜೆ ಚಾವಡಿಯಲ್ಲಿ ಪಂಚನಾಮೆ ಓದಿದರು. ಸದರಿ ಉಳವಪ್ಪನು ಯಾರ ಒತ್ತಾಯವೂ ಇಲ್ಲದೆ ತಾನೇ ಅವಸರ ಮಾಡಿ ಹಗೇವಿಗೆ ಇಳಿದು ಮೃತಪಟ್ಟನು. ಪಂಚರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಹೆಬ್ಬೆಟ್ಟು ಒತ್ತಿದರು. ಸಾಹೇಬರು ಎದುರಿಗೇ ಕುಳಿತಿದ್ದರು, ಯಾರಿಗೆ ಧೈರ್ಯ? ಬೆಳಿಗ್ಗೆ ಅವರ ಬಾಯಲ್ಲಿ ಅರ್ಜಂಟಾಗಿದ್ದದ್ದು ಸಂಜೆಗೆ ಸತ್ತವನ ತಲೆಯ ಮೇಲೆ ಅವಸರವಾಗಿ ಕುಳಿತಿತು. ದೊಡ್ಡವರು ಓಡಿಸಿದರೆ ಸರಕಾರಿ ಕೆಲಸ, ಓಡಿದವನು ಎಡವಿ ಬಿದ್ದರೆ ಅವನದೇ ತಪ್ಪು. ಇಂಗ್ಲಿಷಿನ ಮಾತೊಂದಕ್ಕೆ ಕನ್ನಡದಲ್ಲಿ ಇದಕ್ಕಿಂತ ನೀಚವಾದ ಅರ್ಥವನ್ನು ಯಾರೂ ಬರೆದಿರಲಿಕ್ಕಿಲ್ಲ.

"ನಾ ಬಾಗಲದಾಗ ನಿಂತಿದ್ದೆ," ಎನ್ನುತ್ತಾಳೆ ಹೊಳೆವ್ವ. ಅವಳ ಧ್ವನಿ ಏರುವುದಿಲ್ಲ, ಕೈಯಲ್ಲಿನ ಹಗ್ಗ ಮಾತ್ರ ಬಿಗಿಯಾಗುತ್ತದೆ. "ಅವಸರ ಮಾಡಿ ಅಂತ ಓದಿದ್ರು. ನಾ ಅಂದೆ, ಯಾರ್ರಿ ಅವಸರ ಮಾಡಿದಾವ? ಊರೆಲ್ಲಾ ಅವನ್ನ ಸಾವಕಾಶಪ್ಪ ಅಂತಿತ್ತು. ಒಬ್ರೂ ಬಾಯಿ ಬಿಡಲಿಲ್ಲ. ಹೆಂಗಸನ್ನ ಹೊರಗ ಕಳಸ್ರಿ ಅಂದ್ರು. ಸತ್ತಿದ್ದಕ್ಕ ನನಗ ಅಳೂ ಬಂತು. ಇದಕ್ಕ ಅಳೂನೂ ಬರಲಿಲ್ರಿ, ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ."

ಇಳಿಯುವುದಾದರೂ ಹೇಗೆ? ಮರುದಿನ ಪರವೂರಿನ ಆಳು ಹಚ್ಚಿ, ದೀಪ ನಿಂತ ಮೇಲೆಯೇ ಆ ಹಗೇವು ಬರಿದು ಮಾಡಿದರು. ಒಂದು ದಿನ ತಡವಾದದ್ದಕ್ಕೆ ಯಾವ ಆಕಾಶವೂ ಕಳಚಿ ಬೀಳಲಿಲ್ಲ. ಯುಗಾದಿಯ ಹೊತ್ತಿಗೆ ಅಲ್ಲಾಭಕ್ಷ ಬೇರೆಯವರ ಗಾಡಿ ಹೊಡೆದುಕೊಂಡು ಕಾಳು ಇಳಿಸಲು ಬಾಡಿಗೆಯ ಗೋದಾಮೊಂದಕ್ಕೆ ಹೋದ. ಮೂಲೆಯಲ್ಲಿ ಕರಿಬಸಪ್ಪನ ಚೀಲಗಳು ಹೋದಂತೆಯೇ ಇದ್ದವು. ಚೀಲದ ಬಾಯಿ ಹೊಲಿದದ್ದು ಆ ಮುದುಕನದೇ ಕೈ, ಅಲ್ಲಾಭಕ್ಷನಿಗೆ ಗುರುತು ತಪ್ಪುವುದಿಲ್ಲ. ಮಾಡು ಸೋರಿ ತಳದ ಚೀಲಗಳು ಮೊಳೆತಿದ್ದವು, ಮೇಲಿನವು ನುಸಿ ಹಿಡಿದು ಹಿಟ್ಟು ಸುರಿಯುತ್ತಿದ್ದವು. ಅರ್ಜಂಟಿನ ಕಾಳು ಯಾರ ಹೊಟ್ಟೆಗೂ ಹೋಗದೆ ಅಲ್ಲಿ ಹುಳಕ್ಕೆ ಸಮಾರಾಧನೆಯಾಗುತ್ತಿತ್ತು. ಇದಕ್ಕೆ ಒಬ್ಬ ಮನುಷ್ಯನನ್ನು ಕೊಂದರು. ಕೊಂದರು ಎಂದೇ ಬರೆಯಬೇಕು, ಬೇರೆ ಮಾತು ಹುಡುಕುವ ಸೌಜನ್ಯ ಇಲ್ಲಿ ಸಲ್ಲದು.

ಉಳವಪ್ಪ ಹೋದ ಮೇಲೆ ಅಲ್ಲಾಭಕ್ಷ ಹಗ್ಗ ಮುಟ್ಟಲಿಲ್ಲ. ತೆಗೆಯುವವರಿಲ್ಲದೆ ಊರಿನ ಹಗೇವುಗಳು ಕುಳಿತವು. ಕಾಳಿದ್ದೂ ಉಪವಾಸ ಎಂಬಂಥ ಸ್ಥಿತಿ. ಒಂದು ದಿನ ಹೊಳೆವ್ವ ಗಂಡನ ಪಣತಿ, ಬುಟ್ಟಿ, ಹಗ್ಗ ಎತ್ತಿಕೊಂಡು ಅಲ್ಲಾಭಕ್ಷನ ಮನೆಗೆ ಹೋದಳು. "ಅಣ್ಣಾ, ಇನ್ನ ಮ್ಯಾಲ ನೀ ಇಳಿ. ದೀಪಾ ನಾ ನೋಡ್ತೇನಿ. ನಾ ಹೂಂ ಅನ್ನೂತನಕ ಯಾರಪ್ಪ ಬಂದು ಹೇಳಿದ್ರೂ ಇಳೀಬ್ಯಾಡ," ಎಂದಳು. ಅವನ ಹೆಂಡತಿ ಇಮಾಮಬಿ ಬಾಗಿಲ ಹಿಂದೆ ನಿಂತು ಕೇಳಿದಳು. "ಅಕಿ ಕೈಯಾಗ ಹಗ್ಗಾ ಇದ್ರ ನಾ ಮನ್ಯಾಗ ನಿಶ್ಚಿಂತಿ ಇರ್ತೇನ್ರಿ. ಗಂಡನ್ನ ಕಳಕೊಂಡಾಕಿ ಇನ್ನೊಬ್ಬಾಕಿ ಗಂಡನ್ನ ಕಳಿಯಂಗಿಲ್ಲ," ಎನ್ನುತ್ತಾಳೆ ಈಗ.

ಊರು ಮಾತ್ರ ಅಷ್ಟು ಸಲೀಸಾಗಿ ಒಪ್ಪಲಿಲ್ಲ. ಹಗೇವು ತೆಗೆಯುವಾಗ ಮುತ್ತೈದೆಯರು ಬಾಯಿಗೆ ಅರಿಷಿಣ ಕುಂಕುಮ ಏರಿಸುವ ಪದ್ಧತಿ. ಗಂಡ ಸತ್ತವಳು ಅಲ್ಲಿ ದೀಪ ಹಚ್ಚುವುದೆಂದರೇನು, ಅದೂ ಗಂಡನನ್ನು ನುಂಗಿದ ಕೆಲಸಕ್ಕೆ? ಕಟ್ಟೆಗಳ ಮೇಲೆ ನಾಲಿಗೆ ಉದ್ದವಾದವು. ಗಂಡ ಸತ್ತಾಗ ಚಾವಡಿಯಲ್ಲಿ ಏಳದಿದ್ದ ನಾಲಿಗೆಗಳು ಇವೇ, ಅದನ್ನು ನೆನಪಿಡಬೇಕು. ಹೊಳೆವ್ವ ಅವರಿಗೆ ಉತ್ತರ ಕೊಟ್ಟದ್ದು ಒಂದೇ ಸಲ. "ನಾ ಪೂಜಾ ಮಾಡಾಕ ಬಂದಿಲ್ಲ. ಗಾಳಿ ನೋಡಾಕ ಬಂದೇನಿ." ಮೊದಲು ತನ್ನ ಹಗೇವಿಗೆ ಕರೆದವಳು ಶಿವಬಸವ್ವ. ಕರೆದು, ಅವಳ ಕೈಯಿಂದಲೇ ದೀಪ ಹಚ್ಚಿಸಿ, ಓಣಿಗೆ ಕೇಳುವಂತೆ "ಇಕಿ ದೀಪಾ ಅಮಂಗಳ ಅನ್ನಾವ ನಾಳೆ ದೀಪಿಲ್ದ ಇಳೀಲಿ," ಎಂದಳು. ಯಾರೂ ಇಳಿಯಲು ಬರಲಿಲ್ಲ. ಅಂದಿನಿಂದ ಹತ್ತಿಮತ್ತೂರಿನಲ್ಲಷ್ಟೇ ಅಲ್ಲ, ಸುತ್ತಿನ ಹಳ್ಳಿಗಳಲ್ಲೂ ಹಗೇವಿನ ಕಲ್ಲು ಸರಿಸುವ ಮೊದಲು ಹೊಳೆವ್ವನಿಗೆ ಹೇಳಿ ಕಳಿಸುತ್ತಾರೆ.

ಬಿಸಿಲು ಈಗ ಶಿವಬಸವ್ವನ ಬಯಲಿಗೆ ಇಳಿದಿದೆ. ಹೊಳೆವ್ವ ಪಣತಿಗೆ ಕುಸುಬಿ ಎಣ್ಣೆ ಹನಿಸಿ, ಬತ್ತಿ ಹಚ್ಚಿ, ಬುಟ್ಟಿಯನ್ನು ಇಳಿಬಿಡುತ್ತಾಳೆ. ಬಾಯಿಗೆ ಮುಖ ಒಡ್ಡುವುದಿಲ್ಲ, ಓರೆಯಾಗಿ ನಿಂತು ನೋಡುತ್ತಾಳೆ. ದೀಪ ಒಮ್ಮೆ ಕುಗ್ಗಿ ಆರುತ್ತದೆ. ಬುಟ್ಟಿ ಮೇಲೆ ಬರುತ್ತದೆ. ಅಲ್ಲಾಭಕ್ಷ ಬೇವಿನ ಟೊಂಗೆ ಇಳಿಸಿ ಎತ್ತುತ್ತಾನೆ, ಇಬ್ಬರ ಕಂಬಳಿಗಳು ಬಾಯಿಯ ಮೇಲೆ ಬೀಸುತ್ತವೆ. ಮತ್ತೆ ದೀಪ, ಮತ್ತೆ ಕತ್ತಲು.

ಕಾರಕೂನರು ಕಟ್ಟೆ ಇಳಿದು ಬರುತ್ತಾರೆ. ಲಡಾಯಿ ಮುಗಿದು ವರ್ಷ ದಾಟಿತು, ಅರ್ಜಂಟು ಮುಗಿದಿಲ್ಲ.

"ಸಾಕು ಮಾಡು ಇದನ್ನ. ಮ್ಯಾಲಿಂದ ಅರ್ಜಂಟ್ ಹುಕುಂ ಐತಿ, ನನ್ನ ನೌಕರಿ ಹೋಗ್ತೈತಿ. ಏ, ಇಳಿಯೋ ನೀನು."

ಕೊನೆಯ ಮಾತು ಅಲ್ಲಾಭಕ್ಷನಿಗೆ. ಅವನು ಅಲುಗುವುದಿಲ್ಲ. ಹೊಳೆವ್ವನ ಮುಖ ನೋಡುತ್ತಾನೆ. ಎರಡು ವರ್ಷದ ಹಿಂದೆ ಬೇರೊಬ್ಬನ ಸೊಂಟದಲ್ಲಿದ್ದ ಹಗ್ಗ ಈಗ ಅವನ ಸೊಂಟಕ್ಕೆ ಬರಬೇಕು.

ಹೊಳೆವ್ವ ಹಗ್ಗದ ತುದಿಯನ್ನು ಕಾರಕೂನರ ಮುಂದೆ ಚಾಚುತ್ತಾಳೆ. "ನಿಮ್ಮ ನೌಕರಿ ಹೋಗಬಾರದ್ರಿ, ನಿಮಗೂ ಹೇಂಡ್ತಿ ಮಕ್ಕಳು ಅದಾರ. ಅರ್ಜಂಟ್ ನಿಮ್ದು, ನೀವ ಇಳೀರಿ. ನಾ ಗಟ್ಟಿ ಹಿಡೀತೇನಿ."

ಕಾರಕೂನರು ಹಗ್ಗ ನೋಡುತ್ತಾರೆ, ಹಗೇವಿನ ಕಪ್ಪು ಬಾಯಿ ನೋಡುತ್ತಾರೆ. ಹಿಂದೆ ಸರಿಯುತ್ತಾರೆ. ಸರಿದ ಅವಮಾನಕ್ಕೆ ಧ್ವನಿ ಏರುತ್ತದೆ. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆ ಏನಾಗುತ್ತದೆ ಗೊತ್ತೇ, ಹೆಸರು ಬರೆದುಕೊಂಡು ಹೋದರೆ ಜೈಲು ಗೊತ್ತೇ ಎನ್ನುತ್ತಾರೆ. ಶಿವಬಸವ್ವ ಗಾಬರಿಯಾಗಿ "ಹೋಗಲಿ ಬಿಡ ಹೊಳೆವ್ವ" ಎನ್ನುತ್ತಾಳೆ.

ಹೊಳೆವ್ವ ಹಗ್ಗವನ್ನು ಸಾವಕಾಶವಾಗಿ ಸುರುಳಿ ಸುತ್ತುತ್ತಾಳೆ. ಸುತ್ತಿ ನೆಲಕ್ಕಿಟ್ಟು ಅದರ ಮೇಲೆ ಕುಳಿತುಬಿಡುತ್ತಾಳೆ. ಹಗ್ಗವಿಲ್ಲದೆ ಹಗೇವಿಗೆ ಇಳಿಯುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ.

"ಬರಕೊಳ್ರಿ," ಎನ್ನುತ್ತಾಳೆ. "ಹತ್ತಿಮತ್ತೂರ ಹೊಳೆವ್ವ ತಡದ್ಲು ಅಂತ ಬರೀರಿ. ಅದಕ್ಕ ನಾ ಹೆಬ್ಬೆಟ್ಟು ಒತ್ತತೇನಿ. ಅದಾದ್ರೂ ಖರೇ ಇರತೈತಿ."

ಗಾಡಿಯವರು ಬೀಡಿ ಹಚ್ಚುವುದನ್ನೂ ಮರೆತು ನಿಂತಿದ್ದಾರೆ. ಓಣಿಯ ಬಾಗಿಲುಗಳಲ್ಲಿ ಮುಖಗಳು ಕಾಣುತ್ತವೆ. ಈ ಸಲ ಯಾರೋ ಒಬ್ಬರು "ಖರೇ ಐತ್ರಿ ಅಕಿ ಹೇಳೂದು" ಎನ್ನುತ್ತಾರೆ. ಇನ್ನೊಬ್ಬರು ಹೌದು ಎನ್ನುತ್ತಾರೆ. ಎರಡು ವರ್ಷ ತಡವಾಗಿಯಾದರೂ ಊರಿಗೆ ನಾಲಿಗೆ ಬಂದಿದೆ. ಕಾರಕೂನರು ಜೇಬಿನಿಂದ ಪೆನ್ಸಿಲ್ ತೆಗೆದು, ಕೈಯಲ್ಲೇ ಹಿಡಿದು, ಏನೂ ಬರೆಯದೆ ಮತ್ತೆ ಕಟ್ಟೆಗೆ ಹೋಗಿ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಶಿವಬಸವ್ವ ಅವರಿಗೂ ಒಂದು ಬಟ್ಟಲು ಚಹಾ ಕಳಿಸುತ್ತಾಳೆ. ಬಿಸಿಯಿದ್ದದ್ದರಿಂದ ಅವರೂ ಸಾವಕಾಶವಾಗಿ ಕುಡಿಯಬೇಕಾಗುತ್ತದೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ದೀಪ ನಿಲ್ಲುತ್ತದೆ. ಹೊಳೆವ್ವ ನಂಬುವುದಿಲ್ಲ. ಬುಟ್ಟಿಯನ್ನು ತಳಕ್ಕೆ ತಾಗಿಸಿ, ಆ ಮಗ್ಗುಲು ಈ ಮಗ್ಗುಲು ಆಡಿಸಿ, ಜ್ವಾಲೆ ಕುಗ್ಗದೆ ನೆಟ್ಟಗೆ ನಿಂತದ್ದನ್ನು ನೋಡಿದ ಮೇಲೆಯೇ "ಹೂಂ" ಎನ್ನುತ್ತಾಳೆ. ಅಲ್ಲಾಭಕ್ಷ ಬಿಸ್ಮಿಲ್ಲಾ ಎಂದು ಇಳಿಯುತ್ತಾನೆ. ಹೊಳೆವ್ವನ ಕಣ್ಣು ಹಗ್ಗ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆಗಾಗ ಅವಳು "ಅಣ್ಣಾ" ಎನ್ನುತ್ತಾಳೆ, ಒಳಗಿನಿಂದ "ಇಲ್ಲೇ ಅದೇನಿ ಅಕ್ಕಾ" ಎಂದು ಬರುತ್ತದೆ. ಮೊದಲ ಬುಟ್ಟಿ ಮೇಲೆ ಬಂದು ಕಾಳು ಬಿಸಿಲಿಗೆ ಬಿದ್ದಾಗ ಶಿವಬಸವ್ವ ಲಾಭ ಎಂದು ಎಣಿಕೆ ಹಿಡಿಯುತ್ತಾಳೆ.

ಗಾಡಿಗಳು ಹೊರಟ ಮೇಲೆ, ಉಳಿದ ಕಾಳು ಮನೆಯೊಳಗೆ ಸೇರಿದ ಮೇಲೆ, ಹೊಳೆವ್ವ ಪಣತಿಯ ಮಸಿ ಒರೆಸುತ್ತ ಕೂರುತ್ತಾಳೆ. ಮೊರದ ಜೋಳ ಪಕ್ಕದಲ್ಲಿದೆ. ಅಲ್ಲಾಭಕ್ಷ ಮೈ ತೊಳೆಯಲು ಹೋಗಿದ್ದಾನೆ. ಈ ಪತ್ರಿಕೆಯಲ್ಲಿ ನಿನ್ನ ಬಗ್ಗೆ ಏನೆಂದು ಬರೆಯಬೇಕು ಎಂದು ನಾವು ಕೇಳಿದರೆ ಅವಳಿಗೆ ನಾಚಿಕೆಯಾಗುತ್ತದೆ.

"ನನ್ನ ಸುದ್ದಿ ಏನ್ ಬರೀತೀರಿ? ದೀಪಾ ಇಳಬಿಡೂದು ಏನ್ ದೊಡ್ಡ ವಿದ್ಯಾ?" ಎನ್ನುತ್ತಾಳೆ. ಪಣತಿಯನ್ನು ಬುಟ್ಟಿಯೊಳಗಿಟ್ಟು, ಬುಟ್ಟಿಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. "ಬರಿಯೂದಿದ್ರ ಒಂದ ಮಾತು ಬರೀರಿ. ನಮ್ಮ ಮನಶ್ಯಾ ಅವಸರ ಮಾಡಿದಾವಲ್ಲ. ಚಾವಡಿ ಕಾಗದದಾಗ ಸುಳ್ಳು ಕುಂತೈತಿ. ನಿಮ್ಮ ಕಾಗದದಾಗರ ಖರೇ ಕುಂಡ್ರಲಿ."

ಆಗಲಿ, ಲಗೂನೇ ಅಚ್ಚು ಹಾಕಿಸೋಣ ಎಂದರೆ ಅವಳು ತಲೆ ಎತ್ತಿ ನೋಡುತ್ತಾಳೆ.

"ಲಗೂ ಬ್ಯಾಡ್ರಿ. ಸಾವಕಾಶ ಹಾಕ್ರಿ," ಎನ್ನುತ್ತಾಳೆ. "ಆದ್ರ ಆ ಮಾತು ಬಿಡಬ್ಯಾಡ್ರಿ."